ತಲೆಮೇಲಿನ ಗೆರೆ

ಮೊದಲು ಅಕ್ಷರ, ಆಮೇಲೆ ಗೆರೆ ಅಂತ
ಹತ್ತು ಸಲ ಹೇಳಿದರೂ
ಗುಳೇದಗುಡ್ಡದ ಈ ಎರಡನೆಯ ತರಗತಿ
ಮೊದಲು ಗೆರೆಯನ್ನೇ ಎಳೆಯುತ್ತದೆ,
ಪಾಟಿಯ ಈ ಕಟ್ಟಿನಿಂದ ಆ ಕಟ್ಟಿನವರೆಗೆ,
ಹಿತ್ತಲಲ್ಲಿ ಬಣ್ಣದ ನೂಲು ಒಣಹಾಕಲು
ಹಗ್ಗ ಬಿಗಿದ ಹಾಗೆ.
ಆಮೇಲೆ ಒಂದೊಂದೇ ತಂದು ನೇತುಹಾಕುತ್ತದೆ:
ಕೊಕ್ಕೆಯಂಥ ಟ,
ಹೊಟ್ಟೆ ಬಂದ ಬ,
ಜಡೆ ಬಿಚ್ಚಿಕೊಂಡ ಹ.

"ಕನ್ನಡದಾಗ ಒಂದೊಂದಕ್ಕ ಬ್ಯಾರೆ ಬ್ಯಾರೆ ತಲಿಕಟ್ಟ ಅದಾವು,
ಇವಕ್ಕ್ಯಾಕ್ರಿ ಅಕ್ಕೋರ ಎಲ್ಲಾಕ್ಕೂ ಒಂದ ಮಾಳಗಿ?"
ಕೊನೆಯ ಸಾಲಿನ ಇಮಾಮಹುಸೇನ ಕೇಳಿದ.
ಉತ್ತರ ನನಗೂ ಗೊತ್ತಿರಲಿಲ್ಲ.
"ಮಳಿ ಬಂದರ ತೋಯಬಾರದಂತ" ಎಂದೆ.
ನಂಬಿದ. ನಂಬುವ ವಯಸ್ಸು.

ಪುಸ್ತಕದಲ್ಲಿ ಅ ಅಂದರೆ ಅನಾರ್.
ಅದು ದಾಳಿಂಬರಿ, ಎಲ್ಲರೂ ತಿಂದದ್ದೇ.
ಇ ಅಂದರೆ ಇಮಲಿ; ಹುಣಸಿಕಾಯಿ ಎಂದದ್ದೇ ತಡ
ಮೂವತ್ತೊಂದು ಬಾಯಿಗಳಲ್ಲಿ ನೀರು.
ಠ ಬಂದಾಗ ಮಾತ್ರ ಎಲ್ಲರೂ ನಿಂತೆವು:
ಠಠೇರಾ, ತಾಮ್ರದ ಕೊಡ ಬಡಿಯುವವನು,
ಅವನನ್ನು ಅವರೂ ಕಂಡಿಲ್ಲ, ನಾನೂ.
ಹಿಂದಿಯ ಸೀಮೆಯನ್ನೇ ನಾನು ಕಂಡವಳಲ್ಲ.
ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟಿ,
ಸರ್ಟಿಫಿಕೇಟು ಟ್ರಂಕಿನ ತಳಕ್ಕೆ ಹಾಸಿ,
ಒಮ್ಮೆ ಸೊಲ್ಲಾಪುರದ ಸ್ಟೇಷನ್ನಿನಲ್ಲಿ
ಶುದ್ಧ ವ್ಯಾಕರಣದಲ್ಲಿ ಚಹಾ ಕೇಳಿದೆ.
"ಸಕ್ರಿ ಎಷ್ಟ ಹಾಕಲ್ರಿ ಬಾಯಾರ?" ಎಂದ ಅವನು.

ಖ ಬಂತು. ಚಿತ್ರದಲ್ಲಿ ಮೊಲ,
ಕಿವಿ ನಿಗುರಿಸಿ ಕೂತಿತ್ತು ಖರ್‌ಗೋಶ್.
ನಾನು ಬಾಯಿ ತೆರೆಯುವ ಮೊದಲೇ
ಇಡೀ ತರಗತಿ ಕೂಗಿತು: "ಖಣ!"
ತಿದ್ದಲಿಲ್ಲ. ಹೇಗೆ ತಿದ್ದಲಿ?
ಕಿಟಕಿಯಾಚೆ ಮಗ್ಗ ಲಟಕ್ ಪಟಕ್ ಅನ್ನುತ್ತಿತ್ತು,
ನಾನು ತೊಟ್ಟ ಕುಪ್ಪಸವೂ ಅದರದೇ.
ಮೊಲ ಚಿತ್ರದಲ್ಲೇ ಉಳಿಯಿತು.

ಅವತ್ತು ಬಿಡುವಿನ ಹೊತ್ತಿಗೆ
ಬನಶ್ರೀ ಪಾಟಿ ಅವಚಿಕೊಂಡು ಮೇಜಿನ ಬಳಿ ನಿಂತಳು.
ಮಾತು ಕಡಿಮೆ. ಬೆರಳ ತುದಿಗೆ
ಕಂಡಿಕೆ ಮುಟ್ಟಿ ಬಂದ ಗುಲಾಬಿ ಬಣ್ಣ.
"ಅಕ್ಕೋರ, ಎಳಿ ಅಂತ ಬರೀಬೇಕ್ರಿ. ಹ್ಯಾಂಗ್ರಿ?"
"ಧಾಗಾ ಅಂತ ಬರಿ."
"ಧಾಗಾ ಅಲ್ರಿ. ಎಳಿ. ಹರದಾಗ ನಮ್ಮವ್ವ
ದೀಪ ಹಿಡದ ಹುಡಕತಾಳಲ್ರಿ, ಅದು."

ಸೀಮೆಸುಣ್ಣ ಹಿಡಿದು ಬೋರ್ಡಿಗೆ ಹೋದೆ.
ಮೊದಲನೆಯದು ಗಿಡ್ಡ ಎ; ಅಲ್ಲಿರುವುದು ಉದ್ದದ್ದೊಂದೇ.
ಎರಡನೆಯದು ನಾಲಿಗೆ ಮಡಚಿ
ಅಂಗುಳಕ್ಕೆ ಮುಟ್ಟಿಸಿ ಬಿಡುವಂಥದ್ದು;
ಹುಡುಕಿದೆ, ಯ ರ ಲ ವ, ಶ ಷ ಸ ಹ,
ಸಾಲೇ ಮುಗಿದುಹೋಯಿತು.
ಬೆಳಗಾವಿಯ ಕಡೆ ಮರಾಠಿಯವರ ಮನೆಯಲ್ಲಿ ಅದೊಂದಿದೆ,
ಕೈಗಡ ತರಬಹುದಿತ್ತು.
ಆದರೂ ಆ ಗಿಡ್ಡ ಎ ಎಲ್ಲಿಂದ ತರಲಿ?
ದಿಲ್ಲಿಯಾಚೆಗೂ ಹಾಸಿಕೊಂಡ ಇಷ್ಟು ದೊಡ್ಡ ಭಾಷೆಯಲ್ಲಿ
ಒಂದು ಎಳೆಗೆ ಜಾಗವಿಲ್ಲವೆಂದು
ಏಳು ವರ್ಷದವಳಿಗೆ ಹೇಗೆ ಹೇಳುವುದು?
"ನಾಳಿ ಹೇಳತೇನವಾ" ಅಂದೆ.
ಆ ರಾತ್ರಿ ಅನ್ನ ಉಣ್ಣುವಾಗಲೂ
ನಾಲಿಗೆ ಅಂಗುಳವನ್ನೇ ಮುಟ್ಟಿ ಮುಟ್ಟಿ ನೋಡುತ್ತಿತ್ತು.

ಮರುದಿನ ಅವಳು ಕೇಳಲಿಲ್ಲ.
ಪಾಟಿಯನ್ನು ಮೇಜಿನ ಮೇಲಿಟ್ಟಳು.
ಗೆರೆ ಅದೇ, ಈ ಕಟ್ಟಿನಿಂದ ಆ ಕಟ್ಟಿನವರೆಗೆ.
ಅದರ ಕೆಳಗೆ ಕ, ಖ, ಗ,
ಅವುಗಳ ಮಗ್ಗುಲಿಗೇ ನಮ್ಮ ಎ, ನಮ್ಮ ಳಿ,
ದುಂಡಗೆ, ಗೆರೆಗೆ ಜೋತುಬಿದ್ದು,
ನೆಂಟರ ಹಗ್ಗದ ಮೇಲೆ ಒಣಗುವ
ನಮ್ಮನೆಯ ಬಟ್ಟೆಯ ಹಾಗೆ.

ಬಳಪ ಎತ್ತಿಕೊಂಡೆ.
ಅವಳು ಉಸಿರು ಬಿಗಿಹಿಡಿದಳು.
ಆ ಎರಡು ಅಕ್ಷರ ಇದ್ದ ಕಡೆ
ಗೆರೆ ತುಸು ಜೋಲು ಬಿದ್ದಿತ್ತು.
ಅದನ್ನಷ್ಟೇ ಬಿಗಿದುಕೊಟ್ಟೆ.